ಝಾನಾ ‘ನೀವು’ ಅಂದ ದಿನ

12 ಆಗಸ್ಟ್ 2020, ಗಾಲ್ವೇ, ಐರ್ಲೆಂಡ್

ಇವತ್ತೂ ಝಾನಾ ಸಿಗಲಿಲ್ಲ. ಭಾನುವಾರ ಚುನಾವಣೆ ಮುಗಿದ ಹೊತ್ತಿನಿಂದ ಬೆಲಾರೂಸಿನಲ್ಲಿ ಇಂಟರ್ನೆಟ್ ಸತ್ತಿದೆ. ನಾನು ಕಳಿಸಿದ ಮೆಸೇಜುಗಳು ಅಲ್ಲೇ ನಿಂತಿವೆ. ಸುಮ್ಮನೆ ಫೋನ್ ನೋಡುತ್ತ ಕೂರುವುದಕ್ಕಿಂತ ಬರೆಯುವುದು ಮೇಲು ಅನಿಸಿ ಈ ಪುಸ್ತಕ ತೆಗೆದೆ.

ಕನ್ನಡದಲ್ಲೇ ಬರೆಯುತ್ತೇನೆ. ಶಾಲೆಯಲ್ಲಿ ಕನ್ನಡ ನನಗೆ ಒಂದು ಸಬ್ಜೆಕ್ಟ್ ಮಾತ್ರವಾಗಿತ್ತು. ಒತ್ತಕ್ಷರಗಳಲ್ಲಿ ಈಗಲೂ ಎಡವುತ್ತೇನೆ. ಆದರೆ ಈ ಮನೆಯಲ್ಲಿ ಮಗಳು ತೂಬಾಗೆ ಕನ್ನಡ ಅಕ್ಷರ ಗೊತ್ತಿಲ್ಲ, ಗಂಡ ದಾವೂದ್‌ಗೆ ಓದುವ ತಾಳ್ಮೆ ಇಲ್ಲ. ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೂ ತನ್ನದೇ ಅನ್ನುವ ಒಂದು ಮೂಲೆ ಎಲ್ಲರಿಗೂ ಬೇಕಲ್ಲವೇ?

ಝಾನಾ ಗ್ರೋದ್ನೋ ಎಂಬ ಊರಿನ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಾಳೆ. ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ ಆ ದೇಶಗಳು ತಮ್ಮ ಮಕ್ಕಳಿಗೆ ಏನೆಂದು ಚರಿತ್ರೆ ಹೇಳಿಕೊಡುತ್ತಿವೆ, ನೆರೆಯ ದೇಶವನ್ನು ಯಾವ ವರ್ಷ ಅಣ್ಣ ಅನ್ನುತ್ತವೆ, ಯಾವ ವರ್ಷ ಶತ್ರು ಅನ್ನುತ್ತವೆ ಎಂದು ನಾವು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಮಾಡುತ್ತಿದ್ದೇವೆ. ಪ್ರಾಜೆಕ್ಟ್ ಪ್ರೊಫೆಸರ್ ಗ್ರೋನ್ಯಾ ಅವರದು. ರಷ್ಯನ್ ಬರುವವಳು ನಾನೊಬ್ಬಳೇ. ಮಾರ್ಚಿನಲ್ಲಿ ಎಲ್ಲ ಮುಚ್ಚಿದ ಮೇಲೆ ಝಾನಾಳನ್ನು ಪ್ರತಿ ಗುರುವಾರ ಲ್ಯಾಪ್‌ಟಾಪಿನಲ್ಲಿ ಮಾತಾಡಿಸುತ್ತಿದ್ದೇನೆ.

ನನಗೆ ರಷ್ಯನ್ ಹತ್ತಿದ್ದು ಅಬ್ಬಾರಿಂದ. ನಮ್ಮ ನೋಟ್‌ಬುಕ್ಕುಗಳಿಗೆ ಅವರು ಸೋವಿಯತ್ ಪತ್ರಿಕೆಯ ನುಣುಪು ಹಾಳೆಯಲ್ಲಿ ಬೈಂಡ್ ಹಾಕಿಕೊಡುತ್ತಿದ್ದರು. ನನ್ನ ಲೆಕ್ಕದ ಪುಸ್ತಕದ ಮೇಲೆ ಟ್ರ್ಯಾಕ್ಟರ್ ಓಡಿಸುವ ಹುಡುಗಿ. ಟ್ರ್ಯಾಕ್ಟರಿನ ಮೂತಿಯ ಮೇಲೆ ಏನೋ ಬರೆದಿತ್ತು. ಅದನ್ನು ಓದಲೇಬೇಕೆಂಬ ಹಟ ಕಾಲೇಜಿನವರೆಗೂ ಉಳಿಯಿತು. ಓದಲು ಬಂದಾಗ ಗೊತ್ತಾಯಿತು: ‘ಬೆಲಾರೂಸ್’.

16 ಆಗಸ್ಟ್

ಸಿಕ್ಕಳು! ಮುಖ ಊದಿಕೊಂಡಿದೆ. ಹೊಡೆತಕ್ಕಲ್ಲ, ನಿದ್ದೆ ಇಲ್ಲದೆ.

ಅಲ್ಲಿ ಮತಗಟ್ಟೆ ನಡೆಸುವವರೇ ಶಾಲೆಯ ಟೀಚರುಗಳು. ಮಕ್ಕಳು ಊಟ ಮಾಡುವ ಹಾಲ್‌ನಲ್ಲಿ ಇವರೇ ಮತ ಎಣಿಸಿದರಂತೆ. ಅಧ್ಯಕ್ಷರಿಗಿಂತ ಎದುರಾಳಿಗೇ ಹೆಚ್ಚು ಬಂದಿತ್ತಂತೆ. ಪ್ರಿನ್ಸಿಪಾಲಮ್ಮ ಬಾಗಿಲು ಹಾಕಿ, ಬೇರೆ ಸಂಖ್ಯೆ ಓದಿ, “ಇದಕ್ಕೆ ಸಹಿ ಹಾಕಿ, ಮನೆಗೆ ಹೋಗಿ” ಅಂದರಂತೆ. ಝಾನಾ ಹಾಕಲಿಲ್ಲ. ಹಾಕಿದವರಲ್ಲೊಬ್ಬ ಸಂಗೀತದ ಮೇಷ್ಟ್ರು ಸ್ಲಾವಾ. ಆದರೆ ಅವನ ಅಂಗಿಯ ಜೇಬಿನಲ್ಲಿದ್ದ ಫೋನ್ ಪ್ರಿನ್ಸಿಪಾಲಮ್ಮನ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಂಡಿತ್ತು.

“ರೆಕಾರ್ಡ್ ಮಾಡಿದ್ದು ಅವನೇ ಅಂತ ನನಗೆ ಗೊತ್ತು, ಈಗ ನಿನಗೆ ಗೊತ್ತು,” ಅಂದಳು ಝಾನಾ.

‘ನಿನಗೆ’ ಅಂದಳು. ಅಲ್ಲಿಯವರೆಗೂ ನಾವು ಬಹುವಚನದವರು. ನಮ್ಮ ನೀನು, ನೀವು ಇದ್ದ ಹಾಗೆ ರಷ್ಯನ್ನಿನಲ್ಲಿ ‘ತಿ’, ‘ವಿ’. ಅವಳೇ ನಾಚಿಕೊಂಡು ಕೇಳಿದಳು, “ಇನ್ನು ‘ತಿ’ ಅನ್ನೋಣವಾ? ಇಷ್ಟೆಲ್ಲ ಹೇಳಿದ ಮೇಲೂ ‘ವಿ’ ಅಂದರೆ ಬ್ಯಾಂಕಿನವರ ಹತ್ತಿರ ಮಾತಾಡಿದ ಹಾಗಿರುತ್ತೆ.” ಇಬ್ಬರೂ ನಕ್ಕೆವು. ಐದು ತಿಂಗಳ ಇಂಟರ್‌ವ್ಯೂಗಳಲ್ಲಿ ಇಷ್ಟು ಹತ್ತಿರ ಬಂದಿರಲಿಲ್ಲ.

ಇಂಗ್ಲಿಷಿನಲ್ಲಿ ಇದು ಕಾಣುವುದೇ ಇಲ್ಲ. ಗ್ರೋನ್ಯಾಗೆ ಕಳಿಸುವ ಅನುವಾದದಲ್ಲಿ ಅಲ್ಲೂ ಯೂ, ಇಲ್ಲೂ ಯೂ.

6 ಸೆಪ್ಟೆಂಬರ್

ಶಾಲೆ ತೆರೆದಿದೆ. ತೂಬಾ ಮಾಸ್ಕ್ ಹಾಕಿಕೊಂಡು ಹೋಗಿಬರುತ್ತಾಳೆ. ನನ್ನಿಂದ ಝಾನಾಳ ಕಥೆ ಕೇಳಿ ದೊಡ್ಡ ಕಾಗದದ ಮೇಲೆ ಬೆಲಾರೂಸಿನ ಪ್ರತಿಭಟನಕಾರರ ಬಿಳಿ-ಕೆಂಪು-ಬಿಳಿ ಬಾವುಟ ಬರೆದು, ರಸ್ತೆಗೆ ಕಾಣುವಂತೆ ಮುಂದಿನ ಕಿಟಕಿಗೆ ಅಂಟಿಸಿದ್ದಾಳೆ. ಅಕ್ಕಪಕ್ಕದವರು ಇಲ್ಲಿನ ಕೌಂಟಿ ಕ್ರೀಡಾ ಟೀಮಿನ ಬಾವುಟವೇ ಎಂದು ಕೇಳುತ್ತಾರೆ. “ಅವರಿಗೆ ನಾನು ಎಕ್ಸ್‌ಪ್ಲೇನ್ ಮಾಡ್ತೀನಿ, ಅಮ್ಮೀ, ಯೂ ಆರ್ ಗ್ರ್ಯಾಂಡ್,” ಅನ್ನುತ್ತಾಳೆ; ಇಲ್ಲಿಯವರ ಮಾತಲ್ಲಿ ಚಿಂತೆ ಬೇಡ ಅಂತ. ನನಗೆ ಹೆಮ್ಮೆ.

ರೆಕಾರ್ಡಿಂಗ್ ಯಾವುದೋ ಟೆಲಿಗ್ರಾಂ ಚಾನೆಲ್ಲಿನಲ್ಲಿ ಬಂತು. ಪ್ರಿನ್ಸಿಪಾಲಮ್ಮನ ದನಿಯನ್ನು ಊರಿಗೆ ಊರೇ ಗುರುತಿಸಿದೆ. ಈಗ ಅದನ್ನು ಮಾಡಿದವರು ಯಾರೆಂದು ಹುಡುಕುತ್ತಿದ್ದಾರೆ. ಅವನ ಹೆಸರು ಹೊರಗೆ ಬೀಳದಿದ್ದರೆ ಸಾಕು ಅನ್ನುತ್ತಾಳೆ ಝಾನಾ. ಸ್ಲಾವಾ ಮಕ್ಕಳಿಗೆ ಅಕಾರ್ಡಿಯನ್ ಕಲಿಸುತ್ತ, ತನಗೇನೂ ಗೊತ್ತಿಲ್ಲದವನಂತೆ ಇದ್ದಾನಂತೆ.

ಇವತ್ತು ದಾವೂದ್ ಜೊತೆ ಸಣ್ಣ ಜಗಳ. ಅವನು ಮೆಡಿಕಲ್ ಡಿವೈಸ್ ಕಂಪನಿಯ ಶಿಫ್ಟ್ ಮುಗಿಸಿ ಬಂದವನು ಹೊರಗಿನ ಬಟ್ಟೆಯಲ್ಲೇ ಸೋಫಾ ಮೇಲೆ ಕೂತಿದ್ದ.

“ನೀವು ದಯವಿಟ್ಟು ಎದ್ದು ಬಟ್ಟೆ ಬದಲಾಯಿಸ್ತೀರಾ?” ಅಂದೆ.

“ಯಪ್ಪಾ, ‘ನೀವು’ ಬಂತು! ತೂಬಾ, ಇವತ್ತು ನನಗೆ ಊಟ ಇಲ್ಲ ಕಣೇ. ಪಿಜ್ಜಾಗೆ ಹೇಳು.”

ಕಾಲೇಜಿನಲ್ಲಿ ಒಂದೇ ಕ್ಲಾಸಿನವರು ನಾವು; ಮೊದಲಿಂದಲೂ ನೀನು, ತಾನು. ನಮ್ಮ ಮನೆಯಲ್ಲಿ ಬಹುವಚನ ಅಂದರೆ ಮುನಿಸು. ಝಾನಾಗೆ ಇದನ್ನು ಹೇಳಿದರೆ ನಕ್ಕಾಳು.

22 ಅಕ್ಟೋಬರ್

ಇವತ್ತಿನಿಂದ ಮತ್ತೆ ಲಾಕ್‌ಡೌನ್. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ.

ಝಾನಾ ಕರೆಗೆ ಬಂದಳು. “ನಮಸ್ಕಾರ, ರೆಹಾನಾ. ನೀವು ಹೇಗಿದ್ದೀರಿ?”

ನೀವು.

ನಾನು ತಮಾಷೆ ಎಂದುಕೊಂಡು “ನೀನು ಹೇಗಿದ್ದೀಯ?” ಅಂದೆ. ನಗಲಿಲ್ಲ. ಕೊನೆಯವರೆಗೂ ನೀವು. ಪಠ್ಯಪುಸ್ತಕದ ಹೊಸ ಅಧ್ಯಾಯದ ಬಗ್ಗೆ ಪಾಠ ಒಪ್ಪಿಸಿದ ಹಾಗೆ ಮಾತಾಡಿದಳು. ಅವಳು ಯಾವಾಗಲೂ ಕೂರುವ ಅಡುಗೆಮನೆಯಲ್ಲ, ಒಳಗಿನ ಕೋಣೆ. ಕಣ್ಣು ಕ್ಯಾಮೆರಾದಿಂದ ಸ್ವಲ್ಪ ಆಚೆಗೆ ಹೋಗಿ ಹೋಗಿ ಬರುತ್ತಿತ್ತು. ಬೇಗ ಮುಗಿಸಿದಳು.

ಏನು ತಪ್ಪು ಮಾಡಿದೆ ನಾನು? ಇಡೀ ಮಧ್ಯಾಹ್ನ ಅದೇ ಯೋಚನೆ. ಹೋದ ವಾರ, ಲಾಕ್‌ಡೌನ್ ಬರುವ ಸುದ್ದಿ ಕೇಳಿ, ನಾನೇ ಹಗುರವಾಗಿ ಅಂದಿದ್ದೆ: “ಇಲ್ಲೂ ಇನ್ನು ಗಾರ್ಡಾ ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ ಎಲ್ಲಿಗೆ ಹೊರಟೆ ಅಂತ ಕೇಳ್ತಾರೆ. ನಾವೂ ನಿಮ್ಮ ದೇಶದವರ ಹಾಗೇ ಆದ್ವಿ.” ಪ್ರತಿಭಟನೆಗೆ ಹೋದ ಅವಳ ಹಳೆಯ ಶಿಷ್ಯರು ಜೈಲಿನಲ್ಲಿ ಏಟು ತಿನ್ನುತ್ತಿರುವಾಗ ನಾನು ಕಡಲ ದಂಡೆಯ ವಾಕಿಂಗ್ ತಪ್ಪಿಹೋಗುವುದನ್ನು ಅದರ ಪಕ್ಕ ಇಟ್ಟೆ. ಮನಸ್ಸಿಗೆ ತಾಗಿರಲೇಬೇಕು. ಅವಳ ಜಾಗದಲ್ಲಿ ನಾನಿದ್ದರೂ ನೀವು ಅನ್ನುತ್ತಿದ್ದೆ.

25 ಅಕ್ಟೋಬರ್

ದಾವೂದ್‌ಗೆ ಹೇಳಿದೆ. “ಅಷ್ಟಕ್ಕೆಲ್ಲ ಕೋಪ ಮಾಡ್ಕೊಳ್ತಾರಾ? ನೀನೂ ಒಂದು ವಾರ ನೀವು ನೀವು ಅಂತಿರು, ತಾನೇ ದಾರಿಗೆ ಬರ್ತಾಳೆ,” ಅಂದ.

ಅವನಿಗೆ ಎಲ್ಲವೂ ಸೋಫಾ ಜಗಳ. ನನಗೆ ಹಾಗಾಗುವುದಿಲ್ಲ. ಬಾಯಿಬಿಟ್ಟು ಕ್ಷಮೆ ಕೇಳಬೇಕು. ಇಂಥದ್ದನ್ನು ಬೆಳೆಯಲು ಬಿಡಬಾರದು.

29 ಅಕ್ಟೋಬರ್

ಕೇಳಿದೆ. ಹಾಳಾಯಿತು.

ಝಾನಾ ಅದೇ ಕೋಣೆಯಲ್ಲಿ ಕೂತಿದ್ದಳು. “ನೀವು ಆರೋಗ್ಯವೇ? ನಿಮ್ಮ ಮಗಳು ಆರೋಗ್ಯವೇ?” ನನಗೆ ತಡೆಯಲಾಗಲಿಲ್ಲ.

“ಝಾನಾ, ನನ್ನ ಮೇಲೆ ಸಿಟ್ಟಾ? ಪೊಲೀಸರ ಬಗ್ಗೆ ಹಾಗೆ ಹೇಳಬಾರದಿತ್ತು, ತಪ್ಪಾಯಿತು,” ಅಂದೆ.

“ಸಿಟ್ಟೇಕೆ? ನಾವು ಶಾಲೆಯ ಬಗ್ಗೆ ಮಾತಾಡೋಣ.”

ಇದಲ್ಲ, ಬೇರೇನೋ ಇದೆ ಎಂದುಕೊಂಡೆ. ರೆಕಾರ್ಡಿಂಗಿನ ವಿಷಯ ನಾನು ಇಲ್ಲಿ ಯಾರಿಗಾದರೂ ಬಾಯಿಬಿಟ್ಟೆ ಎಂದು ಅನುಮಾನವೇ? ಅದನ್ನು ಮೊದಲು ತೆಗೆಯಬೇಕು ಅನಿಸಿತು. “ಸ್ಲಾವಾನ ರೆಕಾರ್ಡಿಂಗ್ ಬಗ್ಗೆ ನಿನಗೆ ಯೋಚನೆ ಇದ್ದರೆ, ಅವನ ಹೆಸರನ್ನು ನಾನು ಗ್ರೋನ್ಯಾಗೂ ಹೇಳಿಲ್ಲ. ಆಣೆ,” ಅಂದೆ.

ಪರದೆ ಸ್ತಬ್ಧವಾಯಿತೇನೋ ಎಂದುಕೊಂಡೆ. ಅವಳ ರೆಪ್ಪೆ ಅಲುಗಿತು.

“ನೀವು ಯಾರ ಬಗ್ಗೆ ಹೇಳುತ್ತಿದ್ದೀರಿ? ನನಗೆ ಆ ಹೆಸರಿನವರು ಯಾರೂ ಗೊತ್ತಿಲ್ಲ,” ಅಂದಳು. ಕರೆ ಕಡಿಯಿತು.

ಇಷ್ಟು ಕಟುವಾಗಿ ಯಾರೂ ನನ್ನನ್ನು ದೂರ ತಳ್ಳಿರಲಿಲ್ಲ. ಗೊತ್ತೇ ಇಲ್ಲವಂತೆ! ಹಾಗಾದರೆ ಆಗಸ್ಟಿನಲ್ಲಿ ನನ್ನೆದುರು ಅವನ ಹೆಸರು ಹೇಳಿದ್ದು ಯಾರು? ಸರಿ. ನಾನಾಗಿ ಇನ್ನು ಮಾತಾಡಿಸುವುದಿಲ್ಲ.

13 ನವೆಂಬರ್

ಎರಡು ಗುರುವಾರ ಸುಮ್ಮನೆ ಕಳೆದವು. ನಾನೂ ಕರೆಯಲಿಲ್ಲ. ಮಳೆ.

27 ನವೆಂಬರ್

ಗ್ರೋನ್ಯಾ ಬೆಳಿಗ್ಗೆ ಒಂದು ಸುದ್ದಿ ಕಳಿಸಿದರು: “ನಿನ್ನ ಝಾನಾಳ ಊರಲ್ಲವೇ ಇದು?” ಗ್ರೋದ್ನೋದಲ್ಲಿ ಹೈಸ್ಕೂಲಿನ ಸಂಗೀತ ಶಿಕ್ಷಕನ ಬಂಧನ. ಚುನಾವಣಾ ಗೋಪ್ಯತೆ ಮುರಿದ ಆರೋಪ. ಅಕ್ಟೋಬರ್ 30ರಂದು, ಪಾಠ ಮಾಡುತ್ತಿದ್ದಾಗ ತರಗತಿಯಿಂದಲೇ ಕರೆದೊಯ್ದರು.

ಅಕ್ಟೋಬರ್ 30. ನಾನು ಮಾತಾಡಿದ್ದರ ಮಾರನೆಯ ದಿನ.

ಅವಳಿಗೆ ಸಿಟ್ಟು ಬಂದಿರಲಿಲ್ಲ.

28 ನವೆಂಬರ್

ಅಕ್ಟೋಬರ್ 22ರ ಕರೆಯನ್ನು ಮತ್ತೆ ಕೇಳಿದೆ. ಪ್ರಾಜೆಕ್ಟಿಗಾಗಿ ಎಲ್ಲ ಕರೆಗಳನ್ನೂ ರೆಕಾರ್ಡ್ ಮಾಡಿ ಇಟ್ಟಿದ್ದೇವಲ್ಲ. ಒಂದು ಕಡೆ ಕುರ್ಚಿ ಎಳೆದ ಸದ್ದಿದೆ. ಝಾನಾ ಅಲುಗಾಡದೆ ಕೂತಿದ್ದಾಳೆ. ಇನ್ನೊಂದು ಕಡೆ ಯಾರೋ ಮೂಗಿನಿಂದ ಉಸಿರು ಬಿಟ್ಟ ಹಾಗೆ. ಅವಳು ತನಗಿದ್ದ ಒಂದೇ ದಾರಿಯಲ್ಲಿ ನನಗೆ ಹೇಳಿದ್ದಳು: ನೀವು, ನೀವು, ನೀವು. ರಷ್ಯನ್ ಗೊತ್ತಿದ್ದ ಪಕ್ಕದವನಿಗೆ ಅದರಲ್ಲಿ ವಿಶೇಷವೇನೂ ಕಾಣುವಂತಿರಲಿಲ್ಲ. ನಾವು ‘ನೀನು’ ಆಗಿದ್ದೆವೆಂದು ಗೊತ್ತಿದ್ದವಳು ನಾನೊಬ್ಬಳೇ. ನನಗೆ ಕೇಳಿಸಿತು ಕೂಡ. ಕೇಳಿಸಿಕೊಂಡು ಅದನ್ನು ನಮ್ಮ ಮನೆಯ ಅರ್ಥಕ್ಕೆ ಎಳೆದುಕೊಂಡೆ.

ಗ್ರೋನ್ಯಾಗೆ ಎಲ್ಲ ಹೇಳಿದೆ. ಅನುವಾದ ತೆಗೆದು ಓದಿದರು. ಎಲ್ಲ ಕಡೆ ಯೂ. “ನಿನಗೆ ಹೇಗೆ ತಿಳಿಯಬೇಕಿತ್ತು, ಪಾಪ?” ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ನನಗಲ್ಲದೆ ಇನ್ನಾರಿಗೆ ತಿಳಿಯಬೇಕಿತ್ತು?

13 ಡಿಸೆಂಬರ್

ಈ ಪುಸ್ತಕದಲ್ಲಿ ಹಿಂದೆ ಬರೆದ ಹೆಸರುಗಳು ಕಂಡರೆ ಪುಟ ತಿರುಗಿಸಿಬಿಡುತ್ತೇನೆ. ಇನ್ನು ಮೇಲೆ ಅವರನ್ನು ‘ಟೀಚರ್’ ಎಂದು ಬರೆದರೆ ಸಾಕು. ಇನ್ನೊಬ್ಬರನ್ನು ‘ಸಂಗೀತದವರು’. ಇದನ್ನು ಓದುವವರು ಯಾರೂ ಇಲ್ಲ, ನಿಜ. ಅಭ್ಯಾಸ ಒಳ್ಳೆಯದು.

ಟೀಚರ್ ಅವರ ಸುಳಿವಿಲ್ಲ. ಕೆಲಸದಿಂದ ತೆಗೆದಿದ್ದಾರಂತೆ. ಬಂಧಿಸಿಲ್ಲ.

9 ಜನವರಿ 2021

ಕ್ರಿಸ್‌ಮಸ್ ರಜೆ ಮುಗಿದರೂ ಶಾಲೆ ತೆರೆಯಲಿಲ್ಲ. ಆಸ್ಪತ್ರೆಗಳು ತುಂಬಿವೆ. ಮೇಲಿನ ಬೀದಿಯ ಅಜ್ಜನ ಶವ ಹೋಗುವಾಗ ಎಲ್ಲರೂ ನಮ್ಮ ನಮ್ಮ ಗೇಟಿನಲ್ಲಿ ನಿಂತು ಕಳಿಸಿಕೊಟ್ಟೆವು.

ಮುಂದಿನ ಕಿಟಕಿಯ ಕಾಗದ ತೆಗೆದೆ. ತೇವಕ್ಕೆ ಕೆಂಪು ಬಣ್ಣ ಇಳಿದು ಅಸಹ್ಯವಾಗಿತ್ತು.

“ಅದು ಫೈನ್ ಇತ್ತಲ್ಲ!” ಅಂದಳು ತೂಬಾ. ಬೇರೆ ಬರೆದುಕೊಡುತ್ತೇನೆ ಅಂದಳು. ಈಗ ಬೇಡ, ಗೋಡೆಗೆ ಕಲೆಯಾಗುತ್ತದೆ ಅಂದೆ.

“ಅದು ಗೋಡೆಯಲ್ಲ ಅಮ್ಮೀ, ಗ್ಲಾಸ್.”

ಬೆಂಗಳೂರಿನಿಂದ ತಮ್ಮ ಮುಬಶ್ಶಿರ್ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಯಾವುದೋ ಭಾಷಣದ ವಿಡಿಯೊ ಹಾಕಿ ಕೆಳಗೆ ಉದ್ದಕ್ಕೆ ಬರೆದಿದ್ದ. ತೆಗೆಯಲು ಹೇಳಿ ಫೋನ್ ಮಾಡಿದೆ.

“ಅಕ್ಕಾ, ನೀನು ಐರ್ಲೆಂಡಲ್ಲಿ ಕೂತು ಹೆದರ್ತಿದ್ದೀಯಲ್ಲೇ! ಇಲ್ಲಿರೋನು ನಾನು. ಮೊದಲೆಲ್ಲ ನೀನೇ ನನಗೆ ಭಾಷಣ ಮಾಡ್ತಿದ್ದೆ,” ಅಂದ. ಅಮ್ಮಿಯ ಮಂಡಿನೋವು ಹೇಗಿದೆ ಎಂದು ಕೇಳಿದೆ.

24 ಫೆಬ್ರವರಿ

ಸಂಗೀತದವರಿಗೆ ಮೂರು ವರ್ಷ ಜೈಲು.

20 ಮಾರ್ಚ್

ಐರ್ಲೆಂಡ್ ಈಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿದೆ. ಡಬ್ಲಿನ್‌ನ ಸರ್ಕಾರದವರು ಓದಲೆಂದು ಗ್ರೋನ್ಯಾ ಒಂದು ಟಿಪ್ಪಣಿ ತಯಾರು ಮಾಡುತ್ತಿದ್ದಾರೆ: ಟೀಚರ್ ಅವರ ದೇಶ ಮಾಸ್ಕೋ ಕಡೆಗೆ ಎಷ್ಟು ವಾಲಿದೆ, ಯೂರೋಪಿನ ನಿರ್ಬಂಧಗಳಿಂದ ಒಳಗಿನವರಿಗೆ ಏನಾಯಿತು, ಶಾಲೆಗಳಲ್ಲಿ ಏನು ನಡೆಯುತ್ತಿದೆ. ನನ್ನ ಭಾಗ ಓದಿ ಫೋನ್ ಮಾಡಿದರು.

“ರೆಹಾನಾ, ಇದರಲ್ಲಿ ಮನುಷ್ಯರೇ ಇಲ್ಲವಲ್ಲ? ಮೊದಲ ಡ್ರಾಫ್ಟಿನಲ್ಲಿ ಊಟದ ಹಾಲ್ ಇತ್ತು, ಬಾಗಿಲು ಹಾಕಿದ್ದಿತ್ತು. ಹೆಸರು ಹಾಕುವುದು ಬೇಡ, ಸರಿ. ಈಗ ನೋಡಿದರೆ ‘ಕೆಲವು ಕಡೆ ಕೆಲವು ಅಕ್ರಮಗಳು ವರದಿಯಾಗಿವೆ’. ಸರ್ಕಾರದವರೇ ಬರೆದ ಹಾಗಿದೆ.”

ಆಧಾರ ಗಟ್ಟಿ ಇರುವುದನ್ನಷ್ಟೇ ಉಳಿಸಿದ್ದೇನೆ ಅಂದೆ. ಅಳತೆ ಮೀರದೆ ಬರೆಯುವುದು ಯಾವಾಗಲೂ ನನ್ನ ಸ್ವಭಾವವೇ.

ಫೋನ್ ಇಟ್ಟ ಮೇಲೆ ದಾವೂದ್ ಬಾಗಿಲಲ್ಲಿ ನಿಂತಿದ್ದ. “ಯಾಕೆ ಪಿಸುಪಿಸು ಅಂತೀಯಾ? ಮನೇಲಿ ಮಗು ಮಲಗಿದ್ಯಾ?”

ಗಂಟಲು ಕಟ್ಟಿತ್ತು ಅಂದೆ. ಅವನು ಹತ್ತಿರ ಬಂದು ಕೂತ. “ಒಂದು ಕೇಳ್ತೀನಿ, ಬೈಬೇಡ. ಎರಡು ತಿಂಗಳಿಂದ ನೀನು ನನಗೊಂದು ಸಲಾನೂ ಬೈದಿಲ್ಲ. ಬೂಟ್ಸ್ ಹಾಕ್ಕೊಂಡು ಸೋಫಾ ಮೇಲೆ ಕೂತ್ರೂ ಸುಮ್ಮನಿದ್ದೆ. ಒಂದು ‘ನೀವು’ ಆದ್ರೂ ಅನ್ನು ಮಾರಾಯ್ತಿ.”

ನಗಲು ಪ್ರಯತ್ನಿಸಿದೆ. ಹೊರಗೆ ಯಾವುದೋ ಕಾರಿನ ಎಂಜಿನ್ ಆಫ್ ಆಗದೆ ನಿಂತಿತ್ತು. ಅದು ಹೋಗುವವರೆಗೂ ಪರದೆಯ ಸಂದಿಯಿಂದ ನೋಡಿದೆ. ತರಕಾರಿ ತಂದುಕೊಡುವ ವ್ಯಾನ್ ಇರಬೇಕು.

25 ಮೇ

ಭಾನುವಾರ ಅಥೆನ್ಸಿನಿಂದ ವಿಲ್ನಿಯಸ್‌ಗೆ ಹೊರಟ ವಿಮಾನವನ್ನು ದಾರಿ ತಪ್ಪಿಸಿ, ಟೀಚರ್ ಅವರ ದೇಶದ ರಾಜಧಾನಿ ಮಿನ್‌ಸ್ಕ್‌ನಲ್ಲಿ ಇಳಿಸಿ, ಒಬ್ಬ ಪತ್ರಕರ್ತನನ್ನು ಹಿಡಿದುಕೊಂಡರು. ಈಗ ಇಲ್ಲಿ ಎಲ್ಲರಿಗೂ ಆ ದೇಶ ಎಲ್ಲಿದೆ ಎಂದು ಗೊತ್ತು. ಪಕ್ಕದ ಮನೆಯವರು ಬೇಲಿಯ ಆಚೆಯಿಂದ ಕೂಗಿ ಕೇಳಿದರು, “ಅದು ನಿಮ್ಮ ಬಾವುಟದ ದೇಶವಲ್ಲವೇ?” ನಾವು ಯಾವ ಬಾವುಟವನ್ನೂ ಹಾಕಿಲ್ಲವಲ್ಲ ಅಂದೆ. ಹಾಕಿದ್ದು ಚಿಕ್ಕ ಹುಡುಗಿ, ಅದೂ ಚಿತ್ರ.

ರೇಡಿಯೊದವರು ಮಾತಾಡಲು ಕರೆದರು. ಒಪ್ಪಲಿಲ್ಲ. ನನಗಿಂತ ಬಲ್ಲವರಿದ್ದಾರೆ.

11 ಜೂನ್

ಇವತ್ತು ಬೆಳಿಗ್ಗೆ ಮನೆಯಲ್ಲಿ ನಾನೊಬ್ಬಳೇ ಇದ್ದಾಗ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಪೋಲೆಂಡಿನ ಕೋಡ್. ಎತ್ತಲೋ ಬೇಡವೋ ಎಂದು ನೋಡಿ, ಎತ್ತಿದೆ.

“ರೆಹಾನಾ, ನಾನು! ಗಡಿ ದಾಟಿ ಬಂದೆ. ಬ್ಯಾಲಿಸ್ಟಾಕ್‌ನಲ್ಲಿದ್ದೀನಿ. ಈ ಫೋನ್ ಹೊಸದು, ಈ ಕೋಣೆ ನನ್ನದೇ, ಒಬ್ಬಳೇ ಇದ್ದೀನಿ. ನೀನು ಹೇಗಿದ್ದೀಯ, ಹೇಳು!”

ಟೀಚರ್. ಅದೇ ನಗು, ಸ್ವಲ್ಪ ಒಡೆದ ದನಿ.

“ನಾನು ಚೆನ್ನಾಗಿದ್ದೇನೆ, ಧನ್ಯವಾದ. ನೀವು ಆರೋಗ್ಯವೇ?” ಅಂದೆ.

ಅವರು ತಮ್ಮ ಪಾಡಿಗೆ ಹೇಳುತ್ತ ಹೋದರು. “ನಿನಗೆ ಮೊದಲು ಒಂದು ವಿಷಯ ಹೇಳಬೇಕು, ಅದಕ್ಕೇ ಮಾಡಿದೆ. ಸ್ಲಾವಾನ ಹೆಂಡತಿ ಜೈಲಿಗೆ ಹೋಗಿ ಅವನನ್ನು ನೋಡಿ ಬಂದಳು. ನಿನಗೆ ತಿಳಿಸು ಅಂತ ಅವನು ಹೇಳಿದನಂತೆ...”

ಫೋನಿನಲ್ಲಿ ಆ ಹೆಸರು! ಹೊಸ ಫೋನ್ ಅಂದರೆ ಆಯಿತೇ? ಯಾರು ಕೊಟ್ಟ ಫೋನ್? ಇದಕ್ಕಿಂತ ಹೆಚ್ಚು ಏನೂ ಹೇಳಗೊಡಬಾರದು, ಅವರ ಒಳ್ಳೆಯದಕ್ಕೇ.

“ನೀವು ಯಾರ ಬಗ್ಗೆ ಹೇಳುತ್ತಿದ್ದೀರಿ? ನನಗೆ ಆ ಹೆಸರಿನವರು ಯಾರೂ ಗೊತ್ತಿಲ್ಲ,” ಅಂದೆ.

ಆಮೇಲೆ ಅವರ ದನಿ ಪೂರ್ತಿ ಬೇರೆಯಾಗಿ, ಮೃದುವಾಗಿ ಬಂತು. ಪರೀಕ್ಷೆಗೆ ಕೂತ ಮಗುವಿನ ಹತ್ತಿರ ಮಾತಾಡುವ ಹಾಗೆ.

“ಕ್ಷಮಿಸಿ. ನಾನು ಬೇರೆ ಯಾರೋ ಎಂದುಕೊಂಡೆ. ನಿಮಗೆ ತೊಂದರೆ ಕೊಟ್ಟೆ. ನಿಮ್ಮ ಹತ್ತಿರ ಯಾರೋ ಇದ್ದಾರೆ ಅನಿಸುತ್ತದೆ.”

“ಇಲ್ಲ, ಯಾರೂ ಇಲ್ಲ,” ಅಂದೆ.

“ಹೌದು, ಹೌದು. ಯಾರೂ ಇಲ್ಲ,” ಅಂದರು. “ನೀವು ಹುಷಾರಾಗಿರಿ.” ಇಟ್ಟುಬಿಟ್ಟರು.

ತಿರುಗಿ ಮಾಡಿದೆ. ನಂಬರ್ ಹೋಗುತ್ತಿಲ್ಲ.

ದಾವೂದ್ ಕೆಲಸಕ್ಕೆ ಹೋಗಿದ್ದ, ತೂಬಾ ಗೆಳತಿಯ ಮನೆಗೆ. ಆದರೂ ಎದ್ದು ಹಾಲ್ ನೋಡಿದೆ, ಮಹಡಿಯ ಕೋಣೆಗಳನ್ನು ನೋಡಿದೆ. ಯಾರೂ ಇರಲಿಲ್ಲ. ಅವರಿಗೆ ಯಾಕೆ ಹಾಗನಿಸಿತೋ.